ಪೇರಲ ತೋಟದಲ್ಲಿ ಬಲೆ ತುಂಬುತ್ತಿದೆ, ಆದರೂ ಹಣ್ಣಿನಲ್ಲಿ ಹುಳು

ಪ್ರಶ್ನೆ (ಜಮಖಂಡಿ ತಾಲ್ಲೂಕಿನ ಬೆಳೆಗಾರ):
ಒಂದು ಎಕರೆ ಪೇರಲ ತೋಟದಲ್ಲಿ ಮಿಥೈಲ್ ಯೂಜಿನಾಲ್ (ನೊಣಗಳನ್ನು ವಾಸನೆಯಿಂದ ಸೆಳೆಯುವ ರಾಸಾಯನಿಕ) ಮತ್ತು ಕೀಟನಾಶಕದಲ್ಲಿ ನೆನೆಸಿದ ತುಂಡು ಹಾಕಿದ 6 ಮೋಹಕ ಬಲೆಗಳನ್ನು ಕಟ್ಟಿ ಮೂರು ವಾರಗಳಾದವು. ಬಲೆಯ ತಳದಲ್ಲಿ ಹಣ್ಣಿನ ನೊಣಗಳು ರಾಶಿಯಾಗಿ ಸತ್ತು ಬಿದ್ದಿರುತ್ತವೆಯಾದರೂ, ಹಣ್ಣು ಕೊಯ್ದರೆ ಒಳಗೆ ಬಿಳಿ ಹುಳು ತಪ್ಪಿಲ್ಲ. ಬಲೆಯೇ ಊರ ನೊಣಗಳನ್ನೆಲ್ಲ ಕರೆತರುತ್ತಿದೆ ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಬಲೆಗಳನ್ನು ತೆಗೆದುಬಿಡಲೇ?

ಉತ್ತರ 1 (ಬಾಗಲಕೋಟೆ):
ತೆಗೆಯಬೇಡಿ, ಸರ್. ಸತ್ತ ನೊಣಗಳನ್ನು ಬಿಳಿ ಕಾಗದದ ಮೇಲೆ ಸುರುವಿ, ಭೂತಗನ್ನಡಿಯಲ್ಲಿ ಹಿಂತುದಿಯನ್ನು ನೋಡಿ. ಮೊಟ್ಟೆಯಿಡುವ ಚೂಪಾದ ಕೊಳವೆ ಇದ್ದರೆ ಹೆಣ್ಣು, ಮೊಂಡಾಗಿದ್ದರೆ ಗಂಡು. ಈ ವಾಸನೆಗೆ ಮರುಳಾಗಿ ಬರುವುದು ಗಂಡು. ಹಣ್ಣಿಗೆ ಚುಚ್ಚುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ, ನೂರಾರು ಗಂಡುಗಳು ಸತ್ತರೂ ಉಳಿದ ಕೆಲವೇ ಗಂಡುಗಳು ಸಂತತಿಗೆ ಸಾಕಾಗುತ್ತವೆ. ಬಲೆ ಕಟ್ಟುವ ಮೊದಲೇ ಕೂಡಿದ ಹೆಣ್ಣುಗಳನ್ನಂತೂ ಅದು ತಡೆಯಲಾರದು. ಆದ್ದರಿಂದ ಕೊಯ್ಲಿಗೆ 45ರಿಂದ 60 ದಿನ ಮುಂಚೆ, ಕಾಯಿ ಇನ್ನೂ ಗಟ್ಟಿಯಾಗಿರುವಾಗಲೇ ಬಲೆ ಕಟ್ಟಬೇಕು.

ಇನ್ನೊಂದು ಸೂಕ್ಷ್ಮವಿದೆ. ಮಿಥೈಲ್ ಯೂಜಿನಾಲ್ ನೆಕ್ಕಿಯೂ ಬದುಕಿ ಹೋದ ಗಂಡು ಅದನ್ನು ತನ್ನ ದೇಹದಲ್ಲಿ ಹೆಣ್ಣನ್ನು ಸೆಳೆಯುವ ಗಂಧವಾಗಿ ಮಾರ್ಪಡಿಸಿಕೊಳ್ಳುತ್ತದೆ, ಮೇಲಾಗಿ ಕೆಲವು ದಿನ ಬಲೆಯ ಕಡೆಗೆ ಅಷ್ಟಾಗಿ ಸುಳಿಯುವುದಿಲ್ಲ. ಕೀಟನಾಶಕದ ಕಸುವು ಹೋದ ಹಳೆಯ ತುಂಡನ್ನು ಹಾಗೆಯೇ ತೂಗಬಿಡುವುದೆಂದರೆ ಮದುಮಗನಿಗೆ ಅತ್ತರು ಹಚ್ಚಿ ಕಳಿಸಿದಂತೆ.

ಪಕ್ಕದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸುತ್ತಲಿನ ಗಂಡುಗಳು ಬರುತ್ತವೆ, ಆದರೆ ಅವು ಹಣ್ಣು ಕೆಡಿಸುವುದಿಲ್ಲ.

ಉತ್ತರ 2 (ಮುಧೋಳ):
ಹೆಣ್ಣಿನ ದಾರಿಯೇ ಬೇರೆ. ಮೊಟ್ಟೆ ಬಲಿಯಲು ಅದಕ್ಕೆ ಪ್ರೋಟೀನ್ ಬೇಕಾಗಿರುವುದರಿಂದ, ಯೀಸ್ಟ್ ಮತ್ತು ಬೆಲ್ಲ ಕಲಸಿದ ನೀರು ಹುದುಗಿ ಬರುವ ವಾಸನೆಯನ್ನು ಅದು ಹುಡುಕಿಕೊಂಡು ಬರುತ್ತದೆ. ನಾನು ಎರಡೂ ಬಗೆಯ ಬಲೆಗಳನ್ನು ಕಟ್ಟುತ್ತೇನೆ. ಆದರೂ ಉದುರಿದ ಹಣ್ಣು ಗಿಡದ ಬುಡದಲ್ಲಿಯೇ ಕೊಳೆತರೆ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿಯೇ ಏಳುತ್ತದೆ. ದಿನವೂ ಆರಿಸಿ ಆಳವಾಗಿ ಹೂಳಿರಿ, ಬುಡದ ಮಣ್ಣನ್ನು ಆಗಾಗ ಕೆದಕಿರಿ.

ಉತ್ತರ 3 (ವಿಜಯಪುರ):
ಬಾರೆ ಹಣ್ಣಿನವರು ಇದನ್ನು ಓದಿ ಮೋಸಹೋಗಬಾರದು. ಬಾರೆಯ ನೊಣ ಬೇರೆಯೇ ಜಾತಿ, ಅದು ಮಿಥೈಲ್ ಯೂಜಿನಾಲ್‌ಗೆ ಬರುವುದಿಲ್ಲ. ಇದು ತಿಳಿಯದೆ ನಾನು ಒಂದು ಹಂಗಾಮು ಪೂರ್ತಿ ಬಲೆ ಕಟ್ಟಿ ಕಾದಿದ್ದೇನೆ. ಹೀರೆ, ಹಾಗಲದ ನೊಣಕ್ಕೂ ಕ್ಯೂ ಲ್ಯೂರ್ ಎಂಬ ಬೇರೆ ಆಕರ್ಷಕವೇ ಬೇಕು.

ಪ್ರಶ್ನೆ ಕೇಳಿದವರು:
ಕಾಗದದ ಮೇಲೆ ಸುರುವಿ ಎಣಿಸಿದೆ. 63 ನೊಣಗಳಲ್ಲಿ ಚೂಪು ತುದಿಯದು ಒಂದೂ ಇರಲಿಲ್ಲ. ಬಲೆ ಇರಲಿ, ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಬಿದ್ದ ಹಣ್ಣು ಆರಿಸುತ್ತೇನೆ.