ಥೀಮ್ ಪಾರ್ಕ್ ಪ್ರವಾಸ: ಎಲ್ಲವನ್ನೂ ಮೊದಲೇ ನಿಗದಿ ಮಾಡಿಕೊಳ್ಳಬೇಕೆ?

ಪ್ರಶ್ನೆ

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಐದು ದಿನಗಳ ಮಟ್ಟಿಗೆ ಹೊರಡಲಿದ್ದೇವೆ. ಹಿಂದೊಮ್ಮೆ ಬೇರೊಂದು ಪಾರ್ಕಿಗೆ ಹೋದಾಗ ಗಂಟೆಗಂಟೆಯ ವೇಳಾಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿದ್ದೆ. ಮಗಳು ಅಲ್ಲಿನ ಕೊಳದ ಕಟ್ಟೆಯ ಮೇಲೆ ಕುಳಿತು, ಬಾತುಕೋಳಿಯ ಮರಿಗಳು ಒಂದೊಂದಾಗಿ ನೀರಿಗಿಳಿಯುವುದನ್ನು ಎಣಿಸುತ್ತಿದ್ದಳು. ನಾಲ್ಕನೆಯದು ಇಳಿಯುವ ಮೊದಲೇ ಅವಳನ್ನು ಎಬ್ಬಿಸಿ ಮುಂದಿನ ರೈಡಿನ ಸಾಲಿಗೆ ಕರೆದೊಯ್ದೆ. ಅವಳು ಇಂದಿಗೂ ಆ ಮಾತನ್ನು ಎತ್ತುತ್ತಾಳೆ. ಈ ಸಲ ಯಾವ ಯೋಜನೆಯೂ ಇಲ್ಲದೆ ಹೋಗೋಣವೆಂದರೆ ನನ್ನ ಪತಿ ಒಪ್ಪುತ್ತಿಲ್ಲ. ಹೋಗಿ ಬಂದವರು ಏನೆನ್ನುತ್ತೀರಿ?

ಉತ್ತರ 1

ಈ ವಿಷಯದಲ್ಲಿ ನಾನು ನಿಮ್ಮ ಪತಿಯವರ ಪಕ್ಷ. ಅಲ್ಲಿರುವುದು ಒಂದು ಪಾರ್ಕ್ ಅಲ್ಲ. 1971ರ ಮ್ಯಾಜಿಕ್ ಕಿಂಗ್‌ಡಮ್‌ನಿಂದ 1998ರ ಅನಿಮಲ್ ಕಿಂಗ್‌ಡಮ್‌ವರೆಗೆ ನಾಲ್ಕು ಪಾರ್ಕುಗಳಿದ್ದು, ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲೋ ಮೋನೊರೈಲಿನಲ್ಲೋ ಹೋಗುವಷ್ಟು ದೂರವಿದೆ. ಊಟದ ಮೇಜುಗಳ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಸಾಲಿನಲ್ಲಿ ಹೆಚ್ಚು ಹೊತ್ತು ಕಾಯದೆ ರೈಡ್ ಹತ್ತಲು ಹಣ ಕೊಟ್ಟು ಪಡೆಯುವ ಲೈಟ್ನಿಂಗ್ ಲೇನ್ ಪಾಸನ್ನು ಡಿಸ್ನಿಯ ಹೋಟೆಲಿನಲ್ಲಿ ತಂಗುವವರು ವಾಸ್ತವ್ಯಕ್ಕೆ 7 ದಿನ ಮೊದಲು, ಹೊರಗೆ ತಂಗುವವರು ಪಾರ್ಕಿಗೆ ಹೋಗುವ ದಿನಕ್ಕೆ 3 ದಿನ ಮೊದಲು ಕಾಯ್ದಿರಿಸಬಹುದು. ಬೇಡಿಕೆಯ ರೈಡ್‌ಗಳ ಒಳ್ಳೆಯ ವೇಳೆಗಳು ಹೀಗೆ ಮೊದಲೇ ಹಂಚಿಹೋಗಿರುವುದರಿಂದ, ಅಲ್ಲಿಗೆ ಹೋದ ಮೇಲೆ ನೋಡೋಣವೆಂದವರ ಪಾಲಿಗೆ ಉಳಿಯುವುದು ಬಹುಪಾಲು ಉದ್ದನೆಯ ಸಾಲೇ.

ಉತ್ತರ 2

ಮೇಲಿನವರು ಹೇಳಿದ ನಿಯಮಗಳು ಸರಿ, ಆದರೆ ಅವುಗಳಿಂದ ಇಡೀ ದಿನವನ್ನೇ ಕಟ್ಟಿಹಾಕಬೇಕಾಗಿಲ್ಲ. ಬೇಸಿಗೆಯಲ್ಲಿ ಫ್ಲಾರಿಡಾದ ಮಧ್ಯಾಹ್ನವೆಂದರೆ ಗುಡುಗು ಮಳೆಯ ಹೊತ್ತು. ಮಿಂಚು ಹತ್ತಿರ ಬಂದೊಡನೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಒಂದಕ್ಕೊಂದು ಪೋಣಿಸಿಟ್ಟ ನಿಮ್ಮ ಪಟ್ಟಿ ಅಲ್ಲಿಗೆ ಹರಿದುಹೋಗುತ್ತದೆ. ನಾವು ಮಾಡಿದ್ದು ಇಷ್ಟೇ: ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಸಾಲು ಬೆಳೆಯುವುದರೊಳಗೆ ಎರಡು ದೊಡ್ಡ ರೈಡ್‌ಗಳನ್ನು ಮುಗಿಸಿ, ಊಟದ ನಂತರದ ವೇಳೆಯನ್ನು ಖಾಲಿ ಬಿಟ್ಟೆವು. (ಡಿಸ್ನಿಯ ಹೋಟೆಲಿನಲ್ಲಿದ್ದರೆ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ, ಬೆಳಗಿನ ಆ ಅರ್ಧ ಗಂಟೆಯ ಬೆಲೆ ಮಧ್ಯಾಹ್ನ ತಿಳಿಯುತ್ತದೆ.) ಆ ನಾಲ್ಕು ಪಾರ್ಕುಗಳಲ್ಲೊಂದಾದ ಎಪ್ಕಾಟ್‌ನಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಕಟ್ಟಡಗಳಿವೆ, ಅಲ್ಲಿ ಕಾಲು ಹೋದತ್ತ ಹೋಗುವುದೇ ಚೆನ್ನ. ಅನಿಮಲ್ ಕಿಂಗ್‌ಡಮ್‌ನ ಗೊರಿಲ್ಲಾಗಳಂತೂ ಯಾರ ವೇಳಾಪಟ್ಟಿಗೂ ಎದುರು ಬರುವುದಿಲ್ಲ. ಅರ್ಧ ಗಂಟೆ ಗಾಜಿನ ಮುಂದೆ ಸುಮ್ಮನೆ ನಿಲ್ಲಲು ಸಿದ್ಧರಿದ್ದವರಿಗೇ ಅವು ಕಾಣಿಸುತ್ತವೆ.

ಉತ್ತರ 3

ಮಗಳ ಎತ್ತರವನ್ನು ಮೊದಲು ಅಳೆದುಕೊಳ್ಳಿ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 97 ಸೆಂ.ಮೀ., ಸ್ಪೇಸ್ ಮೌಂಟನ್‌ಗೆ 112 ಸೆಂ.ಮೀ. ಇರಲೇಬೇಕು. ಹತ್ತಲಾಗದ ರೈಡಿಗೆ ನೀವಿಬ್ಬರೂ ಹೋಗಬೇಕೆಂದಿದ್ದರೆ ಬಾಗಿಲ ಬಳಿ ರೈಡರ್ ಸ್ವಿಚ್ ಕೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನೊಂದಿಗಿದ್ದು, ಆಮೇಲೆ ಮತ್ತೆ ಇಡೀ ಸಾಲಿನಲ್ಲಿ ನಿಲ್ಲದೆ ಹತ್ತಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೆಳಗಿನ ಹೊತ್ತು ಪತಿಯದು, ಮಧ್ಯಾಹ್ನ ಮಗಳದು ಎಂದು ಒಪ್ಪಂದವಾಗಿದೆ. ಗೋಡೆಗೆ ನಿಲ್ಲಿಸಿ ಅಳೆದಾಗ ಅವಳು 111 ಸೆಂ.ಮೀ. ಇದ್ದಾಳೆ, ಹೊರಡಲು ಇನ್ನೂ ನಾಲ್ಕು ತಿಂಗಳಿದೆಯೆಂದು ಈಗ ದಿನವೂ ಗೋಡೆಯ ಬಳಿ ಹೋಗಿ ನಿಲ್ಲುತ್ತಿದ್ದಾಳೆ.