ಸಹಾಯ ಬೇಕು: ಅಮೆರಿಕಾದ ವರ್ಣಭೇದದ ಬಗ್ಗೆ ಮುಂದೆ ಏನ್ ಓದ್ಲಿ?

ಎಲ್ರಿಗೂ ನಮಸ್ಕಾರ. ಅಮೆರಿಕಾದಲ್ಲಿ ಕಪ್ಪು ಜನರಿಗೆ ಆದ ಅನ್ಯಾಯದ ಬಗ್ಗೆ ಓದ್ತಾ ಇದೀನಿ, ಗುಲಾಮಗಿರಿ ವಿಷಯ ಮೊದ್ಲೇ ಸ್ವಲ್ಪ ಗೊತ್ತಿತ್ತು, ಆದ್ರೆ ಈ ರೆಡ್‌ಲೈನಿಂಗ್ ಅನ್ನೋದು ತಲೆಯಿಂದ ಹೋಗ್ತಾನೇ ಇಲ್ಲ. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆನೇ ನಗರಗಳ ಮ್ಯಾಪ್ ಮಾಡ್ಸಿ ಕಪ್ಪು ಜನ ಇರೋ ಏರಿಯಾಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಡೋದು ಅಪಾಯ ಅಂತ ಗುರುತು ಹಾಕಿತ್ತಂತೆ. 1944ರ ಜಿಐ ಬಿಲ್ ಅನ್ನೋ ಕಾನೂನಿನಲ್ಲಿ ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರ ಮನೆ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇತ್ತು, ಆದ್ರೂ ಕಪ್ಪು ಸೈನಿಕರು ಹೋಗಿ ಕೇಳಿದ್ರೆ ಬಹಳ ಕಡೆ ಬ್ಯಾಂಕಿನವರು ಕೊಡ್ಲೇ ಇಲ್ಲ. ಅದೇ ಯುದ್ಧ ಮಾಡಿ ಬಂದವರು ಅವ್ರೂ! ಮನೆ ಮಾರೋದ್ರಲ್ಲಿ, ಬಾಡಿಗೆ ಕೊಡೋದ್ರಲ್ಲಿ, ಮನೆ ಸಾಲದಲ್ಲಿ ಬಣ್ಣ ನೋಡಿ ಭೇದ ಮಾಡಬಾರದು ಅನ್ನೋ ಫೇರ್ ಹೌಸಿಂಗ್ ಆಕ್ಟ್ ಬಂದಿದ್ದು 1968ರಲ್ಲಿ, ಅಷ್ಟೊತ್ತಿಗೆ ಸಾಲ ಸಿಕ್ಕಿದ್ದ ಬಿಳಿಯರ ಮನೆಗಳು ಮಕ್ಕಳ ಪಾಲಿಗೆ ಆಸ್ತಿ ಆಗೋಗಿದ್ವು. ಆ ಮಕ್ಕಳು ಯಾರಿಗೂ ಕೆಟ್ಟದ್ದು ಮಾಡಿರ್ಲಿಕ್ಕಿಲ್ಲ, ಆದ್ರೂ ಲಾಭ ಅವ್ರಿಗೇ ಬಂತು, ಪ್ರಿವಿಲೇಜ್ ಅಂದ್ರೆ ಏನು ಅಂತ ನಂಗೆ ನಿಜವಾಗ್ಲೂ ಅರ್ಥ ಆಗಿದ್ದು ಇಲ್ಲೇ.

ಈಗ ನಂಗೆ ಬೇಕಿರೋದು, ಸಾಲ ಸಿಗದೆ ಹೋದ ಕುಟುಂಬದವರೇ ಬರ್ದಿರೋ ಆತ್ಮಕಥೆ, ಅಥವಾ ಅವ್ರು ಮಾತಾಡಿರೋ ರೆಕಾರ್ಡಿಂಗ್. ಕಾನೂನಿನ ಇತಿಹಾಸ ಸಾಕಷ್ಟು ಸಿಕ್ತು, ಮನೆಯೊಳಗೆ ಏನಾಯ್ತು ಅನ್ನೋದು ಸಿಕ್ತಿಲ್ಲ. ಕನ್ನಡ ಅನುವಾದ ಇದ್ರೆ ಇನ್ನೂ ಒಳ್ಳೇದು, ನಮ್ಮಮ್ಮನೂ ಓದ್ತೀನಿ ಅಂತಿದಾರೆ. ಗೊತ್ತಿರೋರು ದಯವಿಟ್ಟು ಹೇಳಿ.