ಅಣ್ಣನ ಕಾಗದಪತ್ರ: ಮಂಗಳೂರಿಗಲ್ಲ, ವಿದ್ಯಾನಗರಕ್ಕೆ

ಮಗಳೇ, ನಿನ್ನೆ ರಾತ್ರಿ ಗುಂಪಿನಲ್ಲಿ ನೀನು ಕೇಳಿದ್ದನ್ನು ಈಗಷ್ಟೇ ನೋಡಿದೆ. ಅಣ್ಣ ಕಾಲಿನ ಪೆಟ್ಟಿನಿಂದ ಸೈನ್ಯದಲ್ಲಿ ಬೋರ್ಡ್ ಔಟ್ ಆಗಿ, ಅಂದರೆ ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾಗಿ, ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ಬಂದಿದ್ದಾನೆ, ಕೇಂದ್ರದ ಪಿಂಚಣಿ ಬರುವವರಿಗೆ ರಾಜ್ಯದಿಂದ ಏನೂ ಇಲ್ಲ ಎಂದು ಯಾರೋ ಹೇಳಿದರು, ಇದ್ದರೂ ಮಂಗಳೂರಿಗೆ ಹೋಗಬೇಕೋ ಕಾಸರಗೋಡಿಗೋ ಎಂದು ಕೇಳಿದ್ದೀಯ. ಹಾಗೆ ಹೇಳಿದವರ ಮಾತನ್ನು ದಯವಿಟ್ಟು ನಂಬಬೇಡ. ಸೈನ್ಯದಲ್ಲಿದ್ದ ನಿನ್ನ ಚಿಕ್ಕಪ್ಪನೂ ಅದೇ ಮಾತು ನಂಬಿ ಆರು ವರ್ಷ ಸುಮ್ಮನೆ ಕುಳಿತರು.

ಆಸ್ಪತ್ರೆಗೆ, ಬಟ್ಟೆಗೆ, ಬಂಗಾರಕ್ಕೆ ನಮಗೆ ಮಂಗಳೂರೇ. ಈ ಕೆಲಸಕ್ಕೆ ಮಾತ್ರ ಅಲ್ಲ. ಅಣ್ಣನ ಮನೆ, ರೇಷನ್ ಕಾರ್ಡು, ಮತ ಎಲ್ಲವೂ ಕೇರಳದಲ್ಲಿವೆ. ಆದ್ದರಿಂದ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿರುವ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೇ ಹೋಗಬೇಕು. ಪಿಂಚಣಿ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಕಚೇರಿಯಿಂದ ಮಂಜೂರಾಗಿ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯ ಮೂಲಕ ಖಾತೆಗೆ ಬೀಳುತ್ತದೆ. ಅಷ್ಟರಿಂದ ಇಲ್ಲಿನ ಕಚೇರಿಯಲ್ಲಿ ಅವನ ಹೆಸರು ತಾನಾಗಿ ಏರುವುದಿಲ್ಲ. ಮೊದಲು ನೋಂದಣಿ, ಆಮೇಲೆ ಮಾಜಿ ಸೈನಿಕರ ಗುರುತಿನ ಚೀಟಿ. ಉಳಿದ ಅರ್ಜಿಗಳೆಲ್ಲ ಅದರ ಹಿಂದೆ.

ಹೊರಡುವ ಮೊದಲು ಅವನ ಕಪ್ಪು ಟ್ರಂಕು ತೆಗೆದು ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ವೈದ್ಯಕೀಯ ಮಂಡಳಿಯ ಕಾಗದ, ಈ ಮೂರನ್ನು ಹೊರಗಿಡು. ಮಂಡಳಿಯ ಕಾಗದವನ್ನು ನೀನೇ ನಿಧಾನವಾಗಿ ಓದು. ಪೆಟ್ಟು ಸೇವೆಯ ಕಾರಣದಿಂದ ಆದದ್ದು ಎಂದು ಬರೆದಿದ್ದಾರೆಯೇ, ಯುದ್ಧದ ಗಾಯ ಎಂದಿದೆಯೇ ಎಂದು ನೋಡು. ಯಾವ ಸಹಾಯಕ್ಕೆ ಅವನು ಅರ್ಹ ಎಂಬುದು ಬಹುಪಾಲು ಆ ಒಂದು ಸಾಲಿನ ಮೇಲೆ ನಿಂತಿದೆ. ನಮ್ಮ ಮನೆಯ ಕಾಗದದಲ್ಲಿ ಮಡಿಕೆ ಬಿದ್ದು ಸವೆದದ್ದು ಸರಿಯಾಗಿ ಆ ಸಾಲೇ. ಚಿಕ್ಕಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದು ಇನ್ನೂ ನನ್ನ ಕಣ್ಣಮುಂದಿದೆ.

ಇನ್ನು ಅಂಗವೈಕಲ್ಯದ ಶೇಕಡಾ ಲೆಕ್ಕ. ಸೈನ್ಯದ ಮಂಡಳಿ ಚಿಕ್ಕಪ್ಪನಿಗೆ 30 ಎಂದು ಬರೆದಿತ್ತು, ಪಿಂಚಣಿಗೆ ಅದನ್ನು 50 ಎಂದು ಹಿಡಿದರು. ಆ 50 ನಂಬಿಕೊಂಡು ಅಂಗವಿಕಲರ ಬಸ್ ರಿಯಾಯಿತಿ ಕೇಳಲು ಹೋದಾಗ ನಡೆಯಲಿಲ್ಲ. ಅಂಥ ಸೌಲಭ್ಯಗಳಿಗೆ ಸರಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಬೇರೆಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮುಖ್ಯ ಸೌಲಭ್ಯಗಳಿಗೆ ಕನಿಷ್ಠ 40 ಬೇಕು. ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಈಗಲೇ ಅರ್ಜಿ ಹಾಕಿಸಿಬಿಡು.

ಹೆಸರಿನ ವಿಷಯ ಮರೆಯಬೇಡ. ಸೈನ್ಯದಲ್ಲಿ ಬರೀ ಹೆಸರು, ಆಧಾರಿನಲ್ಲಿ ಮನೆಹೆಸರಿನ ಇನಿಶಿಯಲ್. ಇಷ್ಟಕ್ಕೇ ಒಂದು ಕಚೇರಿಯಲ್ಲಿ ನಮ್ಮ ಅರ್ಜಿಯನ್ನು ಎರಡು ಸಲ ಹಿಂದಿರುಗಿಸಿದರು. ಊರುಗೋಲು ಹಿಡಿದ ಮನುಷ್ಯ ಎರಡು ಸಲ ಮೆಟ್ಟಿಲು ಹತ್ತಿ ಇಳಿದರು; ಆ ಸಂಕಟ ನನಗೆ ಇಂದಿಗೂ ಆರಿಲ್ಲ. ಗ್ರಾಮ ಕಚೇರಿಯಿಂದ ಎರಡೂ ಹೆಸರು ಒಬ್ಬನದೇ ಎಂಬ 'ಒನ್ ಆ್ಯಂಡ್ ಸೇಮ್' ಪತ್ರ ಮೊದಲೇ ಮಾಡಿಸಿಕೋ. ಪಂಚಾಯತಿನಲ್ಲಿ ಮನೆತೆರಿಗೆ ವಿನಾಯಿತಿಯನ್ನೂ ಕೇಳು, ಮಾಜಿ ಸೈನಿಕರು ತಾವೇ ವಾಸವಿರುವ ಮನೆಗೆ ಅದು ಇದೆ.

ಮಲಯಾಳ ಬರೆಯಲು ಬರುವುದಿಲ್ಲ ಎಂದು ಅಣ್ಣ ಹಿಂಜರಿಯುತ್ತಾನಂತೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ನಮ್ಮ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೊಟ್ಟಿದೆ. ಮನವಿಯನ್ನು ಕನ್ನಡದಲ್ಲೇ ಬರೆಯಲಿ, ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಲಿ.

ಸೋಮವಾರ ನಾನೂ ಬರುತ್ತೇನೆ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೊರಡೋಣ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೋ, ಪ್ರತಿಯೊಂದಕ್ಕೂ ಮೂರು ನಕಲು ಮಾಡಿಸು.